ಎಣ್ಣೆ ಕುಡಿಯುವ ಹೊಸ ಇಂಜಿನ್: ಮಂಡ್ಯದ ಒಂದು ಟ್ರ್ಯಾಕ್ಟರಿನ ಪ್ರಕರಣ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಒಂದು ಹಳ್ಳಿಯ ಟ್ರ್ಯಾಕ್ಟರ್. ಮೂರು ಸಿಲಿಂಡರ್, 45 ಎಚ್‌ಪಿ, ಟರ್ಬೊ ಇಲ್ಲ, ವೆಟ್ ಲೈನರ್ (ಪಿಸ್ಟನ್ ಒಳಗೆ ಆಡುವ, ಹೊರಗೆ ನೀರು ಸುತ್ತುವ ಕೊಳವೆ), ಹಳೇ ಮಾದರಿಯ ಇನ್‌ಲೈನ್ ಪಂಪು. ಕಬ್ಬು ಅರೆಯುವ ಕಾಲದಲ್ಲಿ ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ, ನಾಲೆಗೆ ನೀರು ಬಿಟ್ಟ ಮೇಲೆ ಕೆಸರುಗದ್ದೆಗೆ, ನಡುವೆ ಬಿಡುವಾದರೆ ಆಲೆಮನೆಗೆ. ಇಷ್ಟು ದುಡಿದರೂ ಇದರ ಇಂಜಿನ್ ಕೆಟ್ಟದ್ದು ದುಡಿಮೆಯಿಂದಲ್ಲ, ದೂಳಿನಿಂದ. ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸು ಕ್ಲಿಪ್ಪಿನ ಹತ್ತಿರ ಸೀಳಿತ್ತು. ಕಬ್ಬಿನ ಗದ್ದೆಯ ತರಗು, ಮಣ್ಣಿನ ದೂಳು ಎಲ್ಲ ಸೋಸದೆ ಒಳಗೆ ಹೋಗಿ ಲೈನರಿನ ಮೇಲ್ತುದಿಯನ್ನು ಉಜ್ಜಿಹಾಕಿತ್ತು.

ಆಷಾಢದಲ್ಲಿ ಬಾಡಿಗೆ ಕಡಿಮೆ ಅಂತ ಯಜಮಾನರು ಬೇರೊಂದು ಗ್ಯಾರೇಜಿನಲ್ಲಿ ಇಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದರು. ಹೊಸ ಲೈನರು, ಪಿಸ್ಟನ್ನು, ಪಿಸ್ಟನ್ ಸುತ್ತ ಕೂತು ಸಂದಿ ಮುಚ್ಚುವ ರಿಂಗು. ಕ್ರ್ಯಾಂಕ್ ಗ್ರೈಂಡಿಂಗು, ಅಂಡರ್‌ಸೈಜ್ ಬೇರಿಂಗು. ಹೆಡ್ಡಿಗೆ ವಾಲ್ವ್ ಸೀಟು. ಆ ಕೆಲಸದಲ್ಲಿ ದೊಡ್ಡ ತಪ್ಪೇನೂ ನಮಗೆ ಆಮೇಲೆ ಕಾಣಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಡವಟ್ಟಾದದ್ದು ಗಾಡಿ ಹಳ್ಳಿ ಸೇರಿದ ಮೇಲೆ.

ಗಾಡಿ ನಮ್ಮ ಶೆಡ್ಡಿಗೆ ಬಂದಾಗ ಅವರ್ ಮೀಟರಿನ ಲೆಕ್ಕದಲ್ಲಿ ಇಂಜಿನ್ ಕೆಲಸವಾಗಿ ಅರವತ್ತು ಗಂಟೆ ದಾಟಿತ್ತು. ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಸೈಲೆನ್ಸರಿನ ಬುಡದಲ್ಲಿ ಎಣ್ಣೆ ಜಿನುಗಿ ಕರಿ ಅಂಟು ಕಟ್ಟಿತ್ತು. ಇಂಜಿನ್ ಉಸಿರಾಡುವ ಬ್ರೀದರ್ ಪೈಪಿನಿಂದ ಹಬೆಯ ಹಾಗೆ ಬ್ಯಾಕ್ ಕಂಪ್ರೆಷನ್ನು, ಅಂದರೆ ರಿಂಗು ದಾಟಿ ಕೆಳಗಿಳಿದ ಗಾಳಿ, ಕೆಳಗೆ ನೆಲದ ಮೇಲೆ ಹನಿ. ಹತ್ತು ಗಂಟೆ ಓಡಿದರೆ ಅರ್ಧ ಲೀಟರಿಗೂ ಹೆಚ್ಚು ಎಣ್ಣೆ ಹಾಕಬೇಕು ಅಂದರು.

"ಬಾಣಂತಿ ನೋಡ್ಕಂಡಂಗೆ ನೋಡ್ಕಂಡಿವ್ನಿ ಕಣಪ್ಪ. ಒಂದಿನ ಎಕ್ಸಲೇಟ್ರು ಜಾಸ್ತಿ ಎಳ್ದಿಲ್ಲ. ಆದ್ರೂ ಎಣ್ಣೆ ಕುಡೀತದೆ" ಅಂದರು ಯಜಮಾನರು.

ಅವರು ಹೇಳಿದ್ದು ಅಕ್ಷರಶಃ ನಿಜ. ಹೊಸ ಇಂಜಿನ್ನನ್ನು ಕೆಸರಿಗೆ ಇಳಿಸಬಾರದು ಅಂತ ತಮ್ಮ ಗದ್ದೆಗೆ ಪಕ್ಕದವರ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆದಿದ್ದರು. ತಮ್ಮದನ್ನು ಬೆಳಗ್ಗೆ ಸಂಜೆ ಹಟ್ಟಿಯ ಮುಂದೆ ಸ್ಲೋದಲ್ಲಿ (ಲೋಡಿಲ್ಲದೆ, ಕನಿಷ್ಠ ವೇಗದಲ್ಲಿ) ಅರ್ಧ ಗಂಟೆ ಬಿಡುವುದು, ಹಸುವಿಗೆ ಮೇವು ಕತ್ತರಿಸುವುದು, ಔಷಧಿ ಹೊಡೆಯುವುದು, ಇಷ್ಟೇ ಮಾಡಿಸಿದ್ದರು. ಎಣ್ಣೆ ವಿಷಯಕ್ಕೆ ಮಗ ಕೈಹಾಕಿದ್ದ. ಅವನು ಮೈಸೂರಿನಲ್ಲಿ ಕೆಲಸದಲ್ಲಿರುವವನು, ಕಾರು ಇಟ್ಟವನು, ತಿಳಿದವನು. ಗ್ಯಾರೇಜಿನವರು ಹಾಕಿದ್ದ ಎಣ್ಣೆಯನ್ನು ಎರಡೇ ದಿನಕ್ಕೆ ಇಳಿಸಿ 5ಡಬ್ಲ್ಯು-40 ಫುಲ್ ಸಿಂಥೆಟಿಕ್ ತುಂಬಿಸಿ, ಅದರ ಮೇಲೆ ಮಾಲಿಬ್ಡಿನಂ ಇರುವ ಒಂದು ಬಾಟಲಿ ಅಡಿಟಿವ್ ಸುರಿದಿದ್ದ. "ಇದಕ್ಕಿಂತ ಒಳ್ಳೇದು ಮಾರ್ಕೆಟ್ಟಲ್ಲಿ ಇಲ್ಲ ಅಣ್ಣ" ಅಂದ. ಬೆಲೆಯಲ್ಲಿ ಅದೂ ನಿಜವೇ.

ಇಂಥ ಕೇಸಿನಲ್ಲಿ ಎಲ್ಲರೂ ಮೊದಲು ಕೇಳುವುದು "ಎಣ್ಣೆ ಯಾವುದು ಹಾಕಿದ್ರಿ?" ಅಂತ. ನಾವು ಅದನ್ನು ಕೊನೆಗೆ ಇಟ್ಟುಕೊಂಡೆವು. ಹೊರಗಿನ ಸೋರಿಕೆ ಇದೆಯಾ, ಡಿಪ್‌ಸ್ಟಿಕ್ ಗುರುತಿಗಿಂತ ಮೇಲೆ ಎಣ್ಣೆ ತುಂಬಿದ್ದಾರಾ, ಇವು ನೋಡಲು ಐದು ನಿಮಿಷದ ಕೆಲಸ. ಹಿಂಬದಿ ಕ್ರ್ಯಾಂಕ್ ಸೀಲಿನಲ್ಲಿ ಸಣ್ಣ ಒದ್ದೆ ಬಿಟ್ಟರೆ ಏನೂ ಇರಲಿಲ್ಲ. ಏರ್ ಹೋಸು ಹೊಸದು, ಕ್ಲಿಪ್ಪು ಬಿಗಿ. ಆಮೇಲೆ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದರೆ, ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಆ ವಾಲ್ವೇ ಒಳಗೆ ಇಲ್ಲ. ನಮ್ಮ ಕಡೆ ಇದೊಂದು ಹಳೇ ಚಾಳಿ. ಇಂಜಿನ್ ಬಿಸಿಯಾಗುತ್ತೆ ಅಂತ ಯಾರೋ ಒಮ್ಮೆ ಕಿತ್ತು ಎಸೆದರೆ ಆಮೇಲೆ ಯಾರೂ ಹಾಕುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ನನ್ನು ಹಗುರ ಕೆಲಸದಲ್ಲಿ ಬಿಟ್ಟರೆ ನೀರು 80 ಡಿಗ್ರಿಯ ಹತ್ತಿರಕ್ಕೂ ಬರುವುದಿಲ್ಲ. ರಿಂಗು ಕೂರಬೇಕಾದ ಹೊತ್ತಿನಲ್ಲಿ ಲೈನರು ತಣ್ಣಗಿದ್ದರೆ ಏನಾಗುತ್ತದೆ ಅನ್ನುವುದು ಮುಂದೆ ಬರುತ್ತದೆ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಗಾಳಿಯ ಒತ್ತಡ) ನೋಡಿದೆವು. ರೇಡಿಯೇಟರ್ ಕಡೆಯಿಂದ ಮೊದಲ ಎರಡು ಸಿಲಿಂಡರ್ ಹತ್ತಿರ ಹತ್ತಿರ ಇದ್ದವು, ಮೂರನೆಯದು ಎದ್ದು ಕಾಣುವಷ್ಟು ಕಡಿಮೆ. ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ನೋಡಿದರೆ ಏರಿತು. ಡೀಸೆಲ್ಲಿನಲ್ಲಿ ಈ ಎಣ್ಣೆ ಪರೀಕ್ಷೆಯನ್ನು ಪೂರ್ತಿ ನಂಬಬಾರದು. ಚೇಂಬರ್ ಚಿಕ್ಕದಾದ್ದರಿಂದ ಎಣ್ಣೆಯೇ ಜಾಗ ತುಂಬಿ ಒತ್ತಡ ಏರಿಸಿ ತೋರಿಸುತ್ತದೆ. ಆದರೂ ದೋಷ ವಾಲ್ವಿನಲ್ಲಲ್ಲ, ರಿಂಗಿನಲ್ಲಿ ಅನ್ನುವ ಅನುಮಾನಕ್ಕೆ ಅದು ಸಾಕಾಯಿತು. ಪಂಪಿನ ಅಂಗಡಿಯಲ್ಲಿ ನಾಜಲ್‌ಗಳನ್ನು ಟೆಸ್ಟರಿಗೆ ಕಟ್ಟಿದಾಗ ಮೂರನೆಯದು ಮಂಜಿನ ಹಾಗೆ ಹೊಡೆಯುವ ಬದಲು ತೊಟ್ಟಿಕ್ಕುತ್ತಿತ್ತು. ಇಂಜಿನ್ನಿಗೆ ಅಷ್ಟೆಲ್ಲ ಖರ್ಚು ಮಾಡಿ ನಾಜಲ್ ಮಾತ್ರ ಹಳೇದನ್ನೇ ಒರೆಸಿ ಹಾಕಿದ್ದರು. ತೊಟ್ಟಿಕ್ಕುವ ಡೀಸೆಲ್ ಲೈನರಿನ ಮೇಲಿನ ಎಣ್ಣೆಯ ಪದರವನ್ನು ತೊಳೆದು ಕೆಳಗೆ ಸಂಪಿಗೆ, ಅಂದರೆ ಇಂಜಿನ್ ಬುಡದ ಎಣ್ಣೆ ತೊಟ್ಟಿಗೆ, ಇಳಿಸುತ್ತದೆ.

ಇಲ್ಲಿ ಸ್ವಲ್ಪ ನಿಂತು ರಿಂಗ್ ಕೂರುವುದು ಅಂದರೇನು ಅಂತ ಹೇಳಬೇಕು. ಇದು ಗೊತ್ತಿಲ್ಲದೆ ಎಣ್ಣೆಯ ಚರ್ಚೆಗೆ ತಳವೇ ಇರುವುದಿಲ್ಲ.

ಹೊಸ ಲೈನರಿನ ಒಳಮೈ ಕನ್ನಡಿಯಲ್ಲ. ಹೋನಿಂಗಿನಿಂದ, ಅಂದರೆ ಸಾಣೆಕಲ್ಲಿನ ಉಜ್ಜಾಟದಿಂದ, ಅದರ ಮೇಲೆ ಅಡ್ಡಡ್ಡ ಗೆರೆಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಗೆರೆಯ ಏಣುಗಳು ಸವೆದು ರಿಂಗಿನ ಮುಖಕ್ಕೆ ಹೊಂದಿಕೊಳ್ಳಬೇಕು, ತಗ್ಗುಗಳಲ್ಲಿ ಎಣ್ಣೆ ನಿಲ್ಲಬೇಕು. ಈ ಸವೆತ ಆಗುವುದು ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲಿ. ಆ ಕೆಲಸಕ್ಕೆ ರಿಂಗಿನ ಸ್ವಂತ ಬಿಗಿ ಸಾಲದು. ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ಮೇಲಿನ ರಿಂಗಿನ ಸಂದಿಯಿಂದ ಅದರ ಬೆನ್ನಿಗೆ ಹೋಗಿ ರಿಂಗನ್ನು ಲೈನರಿಗೆ ಒತ್ತುತ್ತದೆ. ಲೋಡು ಹೆಚ್ಚಿದರೆ ಆ ಒತ್ತಡವೂ ಹೆಚ್ಚು. ಸ್ಲೋದಲ್ಲಿ ಬಿಟ್ಟ ಇಂಜಿನ್ನಿನಲ್ಲಿ ಅದು ತೀರಾ ಕಡಿಮೆ. ಏಣು ಸವೆಯುವುದಿಲ್ಲ, ರಿಂಗು ದಾಟಿ ಎಣ್ಣೆ ಮೇಲೆ ಬರುತ್ತದೆ, ಬಿಸಿ ಸಾಲದೆ ಅರೆಬೆಂದ ಡೀಸೆಲ್ಲು ಆ ಎಣ್ಣೆಗೆ ಸೇರುತ್ತದೆ, ಎರಡೂ ಕೂಡಿ ಲೈನರಿನ ಗೆರೆಗಳಲ್ಲಿ ವಾರ್ನಿಷಿನ ಹಾಗೆ ಗಟ್ಟಿಯಾಗುತ್ತವೆ. ಇದಕ್ಕೆ ಗ್ಲೇಜ್ ಅನ್ನುತ್ತಾರೆ. ಒಮ್ಮೆ ಗ್ಲೇಜ್ ಕೂತರೆ ರಿಂಗಿಗೆ ಕಚ್ಚಲು ಏನೂ ಉಳಿಯುವುದಿಲ್ಲ.

ಹಾಗಾಗಿ ಈ ಇಂಜಿನ್ನಿನಲ್ಲಿ ತಪ್ಪಿನ ಪಾಲು ಹಂಚುವುದಾದರೆ ನನ್ನ ಲೆಕ್ಕ ಹೀಗೆ: ಹೆಚ್ಚಿನ ಪಾಲು ಹಗುರ ಓಡಾಟ ಮತ್ತು ತಣ್ಣನೆ ಇಂಜಿನ್ನಿಗೆ. ಮೂರನೇ ಸಿಲಿಂಡರಿನ ಮಟ್ಟಿಗೆ ನಾಜಲ್ಲಿಗೆ. ಅದರ ನಂತರ ಮಾಲಿಬ್ಡಿನಂ ಬಾಟಲಿಗೆ, ಯಾಕೆಂದರೆ ಅದು ಉಜ್ಜಬೇಕಾದ ಜಾಗದಲ್ಲಿ ಜಾರಿಸುತ್ತದೆ. ಕೊನೆಗೆ, ಅದೂ ಅನುಮಾನದೊಂದಿಗೆ, ಸಿಂಥೆಟಿಕ್ ಎಣ್ಣೆಗೆ. ಸಿಂಥೆಟಿಕ್ ಹಾಕಿದರೆ ರಿಂಗು ಕೂರುವುದೇ ಇಲ್ಲ ಅನ್ನುವ ಮಾತು ನಮ್ಮ ಗ್ಯಾರೇಜುಗಳಲ್ಲಿ ವೇದವಾಕ್ಯದ ಹಾಗೆ ಓಡಾಡುತ್ತದೆ. ಎಷ್ಟೋ ಹೊಸ ಕಾರುಗಳು ಕಾರ್ಖಾನೆಯಿಂದ ಹೊರಬರುವಾಗಲೇ ಸಿಂಥೆಟಿಕ್ ತುಂಬಿಕೊಂಡು ಬರುತ್ತವೆ, ಅವುಗಳ ರಿಂಗು ಚೆನ್ನಾಗಿಯೇ ಕೂತಿರುತ್ತವೆ. ಅಲ್ಲಿ ಲೈನರಿನ ನುಣುಪು, ರಿಂಗಿನ ಲೇಪ ಎಲ್ಲವನ್ನೂ ಅದಕ್ಕೆ ಹೊಂದಿಸಿ ಮಾಡಿರುತ್ತಾರೆ, ಆ ಮಾತು ಬೇರೆ.

ಮೊದಲಿಗೆ ಇಂಜಿನ್ ಬಿಚ್ಚದೆ ನೋಡೋಣ ಅಂತ ತೀರ್ಮಾನಿಸಿದೆವು. ಎಣ್ಣೆ, ಫಿಲ್ಟರು ಇಳಿಸಿ ಸಾದಾ ಮಿನರಲ್ ಎಣ್ಣೆ ತುಂಬಿದೆವು. ನಾಜಲ್ ಮೂರೂ ಹೊಸವು, ಥರ್ಮೋಸ್ಟಾಟ್ ಹೊಸದು. ಆಮೇಲೆ ಯಜಮಾನರಿಗೆ ಹೇಳಿದ್ದು ಒಂದೇ: ಹಟ್ಟಿ ಮುಂದೆ ನಿಲ್ಲಿಸಿ ಓಡಿಸಬೇಡಿ, ರೋಟವೇಟರ್ ಕಟ್ಟಿ ಗದ್ದೆಗೆ ಇಳಿಸಿ. ಅವರಿಗೆ ಒಪ್ಪಿಗೆಯಾಗಲಿಲ್ಲ. "ಕೆಟ್ಟಿರೋ ಇಂಜನ್ನಿಗೆ ಇನ್ನೂ ಬಾರ ಹಾಕು ಅಂತೀಯಲ್ಲಪ್ಪ" ಅಂದರು. ಮಗ ಒಪ್ಪಿಸಿದ.

ಒಂದು ವಾರ ದುಡಿದು ಬಂದಾಗ ಹೊಗೆ ಇಳಿದಿತ್ತು, ಎಣ್ಣೆ ಕುಡಿಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು, ಬ್ರೀದರಿನ ಹನಿ ಮಾತ್ರ ನಿಂತಿರಲಿಲ್ಲ. ಕಂಪ್ರೆಷನ್ ನೋಡಿದರೆ ಮೊದಲೆರಡು ಚೇತರಿಸಿದ್ದವು, ಮೂರನೆಯದು ಇದ್ದಲ್ಲೇ ಇತ್ತು. ಅಷ್ಟರಲ್ಲಿ ನಮ್ಮ ಶೆಡ್ಡಿಗೆ ಬರುವ ಒಬ್ಬ ಹಳೇ ಲಾರಿ ಡ್ರೈವರು ಉಪಾಯ ಕೊಟ್ಟರು: ಪಾತ್ರೆ ತೊಳೆಯುವ ಪುಡಿ ಒಂದು ಚಿಟಿಕೆ ಏರ್ ಪೈಪಿಗೆ ಊದಿದರೆ ಗ್ಲೇಜ್ ಬಿಟ್ಟುಹೋಗುತ್ತೆ, ಹಿಂದೆಲ್ಲಾ ಹಾಗೇ ಮಾಡ್ತಿದ್ದೆವು. ಹಿಂದೆ ಹಾಗೆ ಮಾಡುತ್ತಿದ್ದದ್ದು ಸುಳ್ಳಲ್ಲ, ಬೇರೆ ದೇಶಗಳಲ್ಲೂ ಮಾಡಿದವರಿದ್ದಾರೆ. ಆದರೆ ಈ ಇಂಜಿನ್ ಮೊದಲು ಹಾಳಾದದ್ದೇ ಏರ್ ಪೈಪಿನಿಂದ ಹೋದ ಮಣ್ಣಿನಿಂದ. ಆ ಪುಡಿ ರಿಂಗಿನ ಹತ್ತಿರ ಕೆಲಸ ಮುಗಿಸಿ ಅಲ್ಲೇ ಮಾಯವಾಗುವುದಿಲ್ಲ, ಎಣ್ಣೆಯ ಜೊತೆ ಬೇರಿಂಗಿಗೂ ಹೋಗುತ್ತದೆ. ಕಾಫಿ ಕುಡಿಸಿ ಕಳಿಸಿದೆವು.

ಹೆಡ್ಡು, ಸಂಪು ಬಿಚ್ಚಿ ಪಿಸ್ಟನ್ ಹೊರತೆಗೆದೆವು. ಮೊದಲ ಎರಡು ಲೈನರಿನಲ್ಲಿ ಗೆರೆಗಳು ಸ್ಪಷ್ಟವಾಗಿದ್ದವು, ಅಲ್ಲಲ್ಲಿ ಮಾತ್ರ ಕಂದು ಛಾಯೆ. ಮೂರನೆಯದಕ್ಕೆ ಟಾರ್ಚ್ ಬಿಟ್ಟರೆ ಬೆಲ್ಲದ ಪಾಕ ಬಳಿದ ಬಣ್ಣ, ಒಳಗೆ ಗೆರೆ ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ. ಅದರ ಮೇಲಿನ ರಿಂಗನ್ನು ಬೆಳಕಿಗೆ ಹಿಡಿದಾಗ ಮುಖದ ಸುತ್ತಲೂ ಮಿಂಚಬೇಕಾದ ಪಟ್ಟಿ ಅರ್ಧ ಸುತ್ತಿಗೆ ಮಾತ್ರ ಇತ್ತು. ಉಳಿದರ್ಧದಲ್ಲಿ ಕಾರ್ಖಾನೆಯ ಮಷಿನ್ ಗುರುತು ಹಾಗೇ ಕೂತಿತ್ತು. ಅರವತ್ತು ಚಿಲ್ಲರೆ ಗಂಟೆಯ ಮೇಲೆ ಒಂದು ವಾರ ದುಡಿದೂ ರಿಂಗು ಲೈನರನ್ನು ಪೂರ್ತಿ ಮುಟ್ಟಿಯೇ ಇರಲಿಲ್ಲ. ಮಗನನ್ನು ಕರೆದು ತೋರಿಸಿದೆ. ಫೋನಿನಲ್ಲಿ ಫೋಟೊ ತೆಗೆದುಕೊಂಡ.

ಲೈನರಿನ ಅಳತೆ ಕಂಪನಿ ಹೇಳಿದ ಮಿತಿಯೊಳಗೇ ಇದ್ದುದರಿಂದ ಬದಲಿಸಲಿಲ್ಲ. ಹಗುರವಾಗಿ ಹೋನ್ ಮಾಡಿ ಗ್ಲೇಜ್ ತೆಗೆದು, ಮೂರಕ್ಕೂ ಹೊಸ ರಿಂಗ್ ಸೆಟ್ಟು. ಡ್ರಿಲ್ಲಿಗೆ ಕಟ್ಟಿದ ಹೋನನ್ನು ಮೇಲೆ ಕೆಳಗೆ ಆಡಿಸುವ ವೇಗದ ಮೇಲೆ ಗೆರೆಯ ಕೋನ ನಿಂತಿದೆ. ಕೈ ನಿಧಾನವಾದರೆ ಗೆರೆ ಮಲಗುತ್ತದೆ, ಬಿರುಸಾದರೆ ಎದ್ದು ನಿಲ್ಲುತ್ತದೆ, ಸುಮಾರು 45 ಡಿಗ್ರಿಗೆ ಒಂದನ್ನೊಂದು ಕತ್ತರಿಸಿದರೆ ಸರಿ. ನಮ್ಮ ಹುಡುಗ ಹೋನ್ ಮುಗಿಸಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಲು ಹೊರಟಿದ್ದ. ಸೀಮೆಎಣ್ಣೆ, ಡೀಸೆಲ್ಲು ಎರಡೂ ಎಮರಿ ಕಣಗಳನ್ನು ತೆಗೆಯುವುದಿಲ್ಲ, ಗೆರೆಯೊಳಗೆ ಇನ್ನಷ್ಟು ಕೂರಿಸುತ್ತವೆ. ಬಿಸಿನೀರು, ಬಟ್ಟೆ ಸೋಪು, ಬ್ರಶ್ಶು. ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಹಳೇ ಬಿಳಿ ಪಂಚೆಯ ತುಂಡಿನಿಂದ ಒರೆಸುವುದು, ಬೂದು ಬಣ್ಣ ಬಂದರೆ ಮತ್ತೆ ತೊಳೆಯುವುದು. ಪಂಚೆ ಬೆಳ್ಳಗೇ ಹೊರಬರುವವರೆಗೆ ಬಿಡಲಿಲ್ಲ. ಎಣ್ಣೆಯ ಆಯ್ಕೆಗಿಂತ ಈ ತೊಳೆಯುವ ಕೆಲಸಕ್ಕೇ ಇಂಜಿನ್ನಿನ ಆಯಸ್ಸು ಹೆಚ್ಚು ಅಂಟಿಕೊಂಡಿದೆ ಅನ್ನುವವನು ನಾನು.

ಇನ್ನು ಎಣ್ಣೆ. ಈ ಸಲ ಅಂಗಡಿಗೆ ಮಗನನ್ನೂ ಕರೆದುಕೊಂಡು ಹೋದೆ.

ನಮ್ಮ ಹಿರಿಯ ಮೇಸ್ತ್ರಿಗಳು ಇಂದಿಗೂ ರನ್ನಿಂಗ್-ಇನ್ನಿಗೆ (ಹೊಸ ಇಂಜಿನ್ ಪಳಗಿಸುವ ಮೊದಲ ಓಡಾಟಕ್ಕೆ) ಸಿಂಗಲ್ ಗ್ರೇಡ್ 30 ಅಥವಾ 40 ನಂಬರೇ ಆಗಬೇಕು ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಕೆಲಸ ಮಾಡುತ್ತದೆ. ಆದರೆ ಕಂಪನಿ ಪುಸ್ತಕದಲ್ಲಿ 15ಡಬ್ಲ್ಯು-40 ಅಂತ ಬರೆದಿರುವಾಗ ಅದನ್ನು ಬಿಡಲು ಕಾರಣ ಕಾಣಲಿಲ್ಲ. ಪಕ್ಕದಲ್ಲೇ 20ಡಬ್ಲ್ಯು-40 ಇತ್ತು. ಮಗ ಕೇಳಿದ, 15 ಒಳ್ಳೆಯದಾ 20 ಒಳ್ಳೆಯದಾ ಅಂತ. ಮುಂದಿನ ನಂಬರು ಚಳಿಯಲ್ಲಿ ಇಂಜಿನ್ ತಿರುಗುವುದಕ್ಕೆ ಸಂಬಂಧಿಸಿದ್ದು. 15ಡಬ್ಲ್ಯು ಎಣ್ಣೆಯನ್ನು ಆ ಪರೀಕ್ಷೆಗೆ ಇಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯುವನ್ನು 15 ಡಿಗ್ರಿ ಕೆಳಗೆ. ಮಂಡ್ಯದ ಧನುರ್ಮಾಸದ ಚಳಿಗೆ ಎರಡೂ ಒಂದೇ. ಹಿಂದಿನ 40 ಮುಖ್ಯ: 100 ಡಿಗ್ರಿ ಬಿಸಿಯಲ್ಲಿ ಎಣ್ಣೆಯ ಮಂದತನ 12.5ರಿಂದ 16.3 ಸೆಂಟಿಸ್ಟೋಕ್ ನಡುವೆ ಇರುತ್ತದೆ ಅಂತ. ಬೇರಿಂಗಿನ ಸಂದಿ ಆ ಮಂದತನಕ್ಕೆ ಹೊಂದಿಸಿದ್ದು. ಅವನು ಮೊದಲು ತಂದಿದ್ದ ಸಿಂಥೆಟಿಕ್ಕಿನಲ್ಲೂ ಇದ್ದದ್ದು 40ರ ನಂಬರೇ, ಹಾಗಾಗಿ ಮಂದತನದಲ್ಲಿ ಆಗ ತಪ್ಪಾಗಿರಲಿಲ್ಲ. ಕಾರಿನ ಪೆಟ್ರೋಲ್ ಇಂಜಿನ್ನಿಗೆಂದು ಬರುವ 5ಡಬ್ಲ್ಯು-30 ತಂದಿದ್ದರೆ ಅವನನ್ನು ಇಷ್ಟು ಮೃದುವಾಗಿ ಬಿಡುತ್ತಿರಲಿಲ್ಲ. ಇಂಧನ ಉಳಿಸಲೆಂದು ಅಂಥ ಎಣ್ಣೆಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಮೊದಲೇ ಬೆರೆತಿರುತ್ತದೆ, ನಮಗೆ ಬೇಕಾದದ್ದರ ತದ್ವಿರುದ್ಧ.

ಆಮೇಲೆ ಡಬ್ಬದ ಮೇಲಿನ ಎಪಿಐ ಅಕ್ಷರ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಸಿಎಫ್-4, ಸಿಎಚ್-4, ಸಿಐ-4 ಪ್ಲಸ್, ಸಿಕೆ-4 ನಾಲ್ಕೂ ಕಪಾಟಿನಲ್ಲಿದ್ದವು. ಸಿಎಫ್-4 ಅನ್ನುವುದು 1990ರ ಕಾಲದ ದರ್ಜೆ, ಅಮೆರಿಕದಲ್ಲಿ ಯಾವತ್ತೋ ಹಳತಾಗಿದೆ, ನಮ್ಮ ಟ್ರ್ಯಾಕ್ಟರ್ ಎಣ್ಣೆಗಳಲ್ಲಿ ಇನ್ನೂ ಬದುಕಿದೆ. ಸಿಐ-4 ಬಂದದ್ದು 2002ರಲ್ಲಿ, ಪ್ಲಸ್ ಅನ್ನುವುದು ಅದರದೇ ಸುಧಾರಿಸಿದ ರೂಪ. ಮಸಿಯನ್ನು ಉಂಡೆಗಟ್ಟದಂತೆ ತೇಲಿಸಿ ಹಿಡಿದಿಡುವ ಶಕ್ತಿ, ಆಮ್ಲ ತಡೆಯುವ ಶಕ್ತಿ ಎರಡೂ ಅದರಲ್ಲಿ ಹೆಚ್ಚು. 2016ರ ಸಿಕೆ-4 ಇನ್ನೂ ಮುಂದಿನದು, ಆದರೆ ಅದು ಸೈಲೆನ್ಸರಿನಲ್ಲಿ ಮಸಿ ಸೋಸುವ ಫಿಲ್ಟರ್ ಇರುವ ಗಾಡಿಗಳನ್ನು ಕಣ್ಣಲ್ಲಿಟ್ಟುಕೊಂಡು ಮಾಡಿದ್ದು. ಅದಕ್ಕಾಗಿ ರಂಜಕ ಶೇ. 0.12 ಮೀರಬಾರದು ಅನ್ನುವ ಮಿತಿಯೂ ಇದೆ. ಈ ಟ್ರ್ಯಾಕ್ಟರಿಗೆ ಅಂಥ ಫಿಲ್ಟರೇ ಇಲ್ಲ. 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಂದ ಬಿಗಿಯಾದ ಹೊಗೆ ನಿಯಮ ಇದಕ್ಕೆ ತಾಗುವುದಿಲ್ಲ. ಹಾಗಾಗಿ ಸಿಕೆ-4ಕ್ಕೆ ಹೆಚ್ಚು ಕೊಡುವ ಅಗತ್ಯ ಕಾಣಲಿಲ್ಲ. ಸಿಎಫ್-4 ಮತ್ತು ಸಿಐ-4 ಪ್ಲಸ್ ನಡುವೆ ನಾನು ಎರಡನೆಯದನ್ನು ಆರಿಸಿದೆ. ಎರಡರ ಬೆಲೆಯಲ್ಲಿ ಅಂತರ ಕಡಿಮೆ, ಮೊದಲ ಗಂಟೆಗಳಲ್ಲಿ ಬರುವ ಮಸಿ ಮತ್ತು ಲೋಹದ ಪುಡಿಯನ್ನು ತೇಲಿಸಿ ಫಿಲ್ಟರಿಗೆ ಒಪ್ಪಿಸುವ ಗುಣ ಎರಡನೆಯದರಲ್ಲಿ ಹೆಚ್ಚು. ಸಿಎಫ್-4 ಮಾತ್ರ ಸಿಕ್ಕಿದ್ದರೂ ಇಂಜಿನ್ ಏನೂ ಮುನಿಸಿಕೊಳ್ಳುತ್ತಿರಲಿಲ್ಲ.

ಅಂಗಡಿಯವರು ಇನ್ನೊಂದು ಬಕೆಟ್ ತೋರಿಸಿದರು, ಟ್ರ್ಯಾಕ್ಟರಿನ ಗೇರು, ಬ್ರೇಕು, ಹೈಡ್ರಾಲಿಕ್ಕು ಎಲ್ಲಕ್ಕೂ ಒಂದೇ ಎಣ್ಣೆ ಅಂತ. ಅದು ಟ್ರ್ಯಾಕ್ಟರಿನ ಹಿಂಬದಿಯ ಗೇರ್ ಮನೆಗೆ. ಇಂಜಿನ್ನಿಗಲ್ಲ.

ಸಿಂಥೆಟಿಕ್ ಯಾಕೆ ಬೇಡ ಅನ್ನುವುದಕ್ಕೆ ನಾನು ಮಗನಿಗೆ ಕೊಟ್ಟ ಕಾರಣ ರಿಂಗಿನದಲ್ಲ, ಜೇಬಿನದು. ಏಳೂವರೆ ಲೀಟರ್ ಎಣ್ಣೆಯನ್ನು ಇಪ್ಪತ್ತೈದು ಗಂಟೆಗೇ ಇಳಿಸಿ ಚೆಲ್ಲಬೇಕು. ಚೆಲ್ಲುವ ಎಣ್ಣೆಗೆ ಮೂರು ಪಟ್ಟು ದುಡ್ಡು ಯಾಕೆ? ಗ್ಯಾರೇಜಿನಲ್ಲಿ ಕೈಯಲ್ಲಿ ಹೋನ್ ಮಾಡಿದ ಲೈನರಿಗೆ ಮಿನರಲ್ ಎಣ್ಣೆಯಲ್ಲಿ ರಿಂಗು ಕೂತದ್ದನ್ನು ಎಲ್ಲರೂ ಕಂಡಿದ್ದಾರೆ, ಅದೂ ಒಂದು ಸಮಾಧಾನ.

ಅಡಿಟಿವ್ ವಿಷಯಕ್ಕೆ ಬಂದಾಗ ಮಾತು ಬೆಳೆಯಿತು. ಕಪಾಟಿನಲ್ಲಿ ಒಂದಕ್ಕಿಂತ ಒಂದು ಚಂದದ ಬಾಟಲಿಗಳು. ಅವುಗಳಲ್ಲಿ ಒಂದು ಜಾತಿ ಎಣ್ಣೆಯನ್ನು ಮಂದ ಮಾಡುವವು, ಜೇನಿನ ಹಾಗೆ ಅಂಟು ಅಂಟು. ಸವೆದ ಇಂಜಿನ್ನಿನ ಹೊಗೆಯನ್ನು ಸ್ವಲ್ಪ ದಿನ ಮುಚ್ಚಿಡಲು ಗಾಡಿ ಮಾರುವವರಿಗೆ ಅದು ಉಪಯೋಗ, ಹೊಸದಾಗಿ ಕಟ್ಟಿದ್ದಕ್ಕೆ ಏನೂ ಇಲ್ಲ. ಇನ್ನೊಂದು ಜಾತಿ ಮಾಲಿಬ್ಡಿನಂ ಅಥವಾ ಟೆಫ್ಲಾನ್ ಥರದ್ದು ಇರುವವು, ಜಾರಿಸುವವು. ಇವನ್ನು ರಿಂಗು ಕೂರುವವರೆಗೆ ಹತ್ತಿರ ಸೇರಿಸಬಾರದು. ಕೂತ ಮೇಲೂ ಬೇಕೇ ಅಂದರೆ, ಬೇಡ ಅನ್ನುತ್ತೇನೆ. ಹೆಚ್ಚಿನ ಇಂಜಿನ್ ಕಂಪನಿಗಳ ಪುಸ್ತಕದಲ್ಲೂ ಹೊರಗಿನ ಅಡಿಟಿವ್ ಹಾಕಬೇಡಿ ಅಂತಲೇ ಇರುತ್ತದೆ.

ಮೂರನೇ ಜಾತಿ ಮಾತ್ರ ಸ್ವಲ್ಪ ಯೋಚಿಸುವಂಥದ್ದು: ಸತು ಮತ್ತು ರಂಜಕದ ಸಂಯುಕ್ತ, ಗ್ಯಾರೇಜಿನ ಮಾತಿನಲ್ಲಿ ಜಿಂಕು. ಇಂಥ ಪುಶ್‌ರಾಡ್ ಇಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಜಾರುವಲ್ಲಿ ಒತ್ತಡ ಬಲು ಹೆಚ್ಚು. ಅಲ್ಲಿ ಎಣ್ಣೆಯ ಪದರ ಹರಿದಾಗ ಈ ಜಿಂಕು ಬಿಸಿಗೆ ಒಡೆದು ಲೋಹದ ಮೇಲೆ ತೆಳ್ಳನೆ ಕಾಪು ಕಟ್ಟುತ್ತದೆ. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಇದ್ದಾಗ ಮೊದಲ ನಿಮಿಷಗಳಲ್ಲಿ ಅದು ಬೇಕೇ ಬೇಕು. ಆದರೆ ಪ್ರತ್ಯೇಕ ಬಾಟಲಿಯಲ್ಲಿ ಜಿಂಕು ಸುರಿಯುವ ರೂಢಿ ಬಂದದ್ದು ಪೆಟ್ರೋಲ್ ಕಾರಿನ ಎಣ್ಣೆಗಳಲ್ಲಿ ಅದನ್ನು ಕಡಿಮೆ ಮಾಡಿದ ಮೇಲೆ, ಹಳೇ ಕಾರು ಸಾಕುವವರಿಂದ. ಸಿಐ-4 ಪ್ಲಸ್ ಡೀಸೆಲ್ ಎಣ್ಣೆಯಲ್ಲಿ ಅದು ಬೇಕಾದಷ್ಟು ಇದೆ. ನಮ್ಮ ಕ್ಯಾಮೂ ಹಳೆಯದೇ, ಅದರ ಟ್ಯಾಪೆಟ್ಟುಗಳೂ ಅವವೇ ಜಾಗಕ್ಕೆ ಹೋಗುವಂಥವು. ಆದ್ದರಿಂದ ಬಾಟಲಿ ಬೇಡ. ಕ್ಯಾಮ್ ಮತ್ತು ಟ್ಯಾಪೆಟ್ ಮುಖಕ್ಕೆ ಮಾತ್ರ ಜೋಡಿಸುವಾಗ ಬೆರಳಲ್ಲಿ ಮಾಲಿ ಪೇಸ್ಟ್ ಸವರಿದೆವು. ಅದೇ ಮಾಲಿಬ್ಡಿನಂ, ಲೈನರಿಗೆ ಹೋದರೆ ಕೇಡು, ಕ್ಯಾಮಿಗೆ ಬಿದ್ದರೆ ಒಳ್ಳೆಯದು. ಲೈನರು ಮತ್ತು ರಿಂಗಿಗೆ ಡಬ್ಬದ ಎಣ್ಣೆಯನ್ನೇ ತೆಳ್ಳಗೆ ಹಚ್ಚಿದ್ದು, ಸುರಿದಿದ್ದಲ್ಲ.

"ಹಂಗಾದ್ರೆ ಅಡಿಟಿವ್ ಏನೂ ಹಾಕೋದೇ ಇಲ್ವಾ ಅಣ್ಣ?" ಅಂದ ಮಗ, ಏನೋ ಕಡಿಮೆಯಾದಂತೆ. ಎಣ್ಣೆಯಲ್ಲಿ ಕಂಪನಿಯವರು ಹಾಕಿರೋದೇ ಅಡಿಟಿವ್ವು, ಅಳತೆ ಮಾಡಿ ಹಾಕಿದ್ದಾರೆ, ಮೇಲೆ ನಾವು ಹಾಕಿದರೆ ಆ ಅಳತೆ ಕೆಡುತ್ತದೆ ಅಂದೆ. ಒಪ್ಪಿದನೋ ಇಲ್ಲವೋ, ಬಿಲ್ಲು ಕಡಿಮೆ ಬಂತು.

ಜೋಡಣೆಯ ವಿವರ ಇಲ್ಲಿ ಹೆಚ್ಚು ಬೇಡ. ರಿಂಗಿನ ಸಂದಿಗಳನ್ನು ಲೈನರಿನಲ್ಲೇ ಇಟ್ಟು ಫೀಲರಿನಲ್ಲಿ ಅಳೆದು, ಒಂದರ ಮೇಲೊಂದು ಬರದಂತೆ ಸುತ್ತ ಹಂಚಿ ಕೂರಿಸಿದ್ದು, ಹೆಡ್ ನಟ್ಟುಗಳನ್ನು ಕ್ರಮವಾಗಿ ಟಾರ್ಕಿಗೆ ಬಿಗಿದದ್ದು, ಎಲ್ಲಾ ಮಾಮೂಲು. ಸ್ಟಾರ್ಟ್ ಮಾಡುವ ಮೊದಲು ಹೊಸ ಫಿಲ್ಟರಿಗೆ ಎಣ್ಣೆ ತುಂಬಿ, ಸ್ಟಾಪ್ ಕೇಬಲ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಸೆಲ್ಫ್ ಹೊಡೆದು, ಮೀಟರಿನಲ್ಲಿ ಆಯಿಲ್ ಪ್ರೆಷರ್ ಮುಳ್ಳು ಏಳುವವರೆಗೆ ತಿರುಗಿಸಿದೆವು. ಒಣ ಬೇರಿಂಗಿನ ಮೇಲೆ ಇಂಜಿನ್ ಏಳಬಾರದು. ಎದ್ದ ಮೇಲೆ ಸ್ಲೋದಲ್ಲಿ ಬಿಡಲಿಲ್ಲ. 1,200-1,500 ಆರ್‌ಪಿಎಂನಲ್ಲಿ ಹಿಡಿದು ಸೋರಿಕೆ, ನೀರು, ಪ್ರೆಷರ್ ನೋಡಿದ್ದು, ನೀರು ಬಿಸಿಯಾದದ್ದೇ ತಡ ಗಾಡಿ ಹೊರಕ್ಕೆ.

ಮೊದಲ ದಿನ ಕಲ್ಟಿವೇಟರು. ಪೂರ್ತಿ ಆಳಕ್ಕೆ ಅಲ್ಲ, ಆದರೆ ಇಂಜಿನ್ನಿಗೆ ಕೆಲಸ ಗೊತ್ತಾಗುವಷ್ಟು. ಆರ್‌ಪಿಎಂ ಒಂದೇ ಕಡೆ ನಿಲ್ಲಿಸದೆ ಏರಿಸಿ ಇಳಿಸಿ, ಎಳೆದು ಬಿಟ್ಟು. ಬದುವಿನ ತುದಿಯಲ್ಲಿ ತಿರುಗಿಸುವಾಗ ತಾನಾಗಿಯೇ ಲೋಡು ಬಿಡುತ್ತದೆ, ಆ ಏರಿಳಿತ ರಿಂಗಿಗೆ ಒಳ್ಳೆಯದು. ಮಾಡಬಾರದ್ದು ಎರಡು: ದೊಡ್ಡ ಗೇರಿನಲ್ಲಿ ಕಮ್ಮಿ ಆರ್‌ಪಿಎಂಗೆ ಒದ್ದಾಡಿಸಿ ಎಳೆಯುವುದು, ಮತ್ತು ಬೀಡಿ ಸೇದುವಾಗ ಸ್ಲೋದಲ್ಲಿ ಬಿಟ್ಟು ಕೂರುವುದು. ನಿಲ್ಲಿಸಿದರೆ ಆಫ್ ಮಾಡಿ ಅಂತ ಡ್ರೈವರಿಗೂ ಹೇಳಿದ್ದೆವು. ಆಮೇಲೆ ಕೇಜ್ ವೀಲ್ ಕಟ್ಟಿ ಕೆಸರಿಗೆ. ಯಜಮಾನರು ಬದುವಿನ ಮೇಲೆ ನಿಂತು ನೋಡುತ್ತಿದ್ದರಂತೆ, ಮಗನೇ ಹೇಳಿದ್ದು.

ಟ್ರೇಲರ್ ಮೊದಲು ಅರ್ಧ ಲೋಡಿಗೆ ಕಟ್ಟಿದರು. ಇಲ್ಲಿ ಒಂದು ತೊಡಕು ಬಂತು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪು, ತಿರುವು, ಅಂಗಡಿ ಮುಂದಿನ ಗದ್ದಲ. ಗಾಡಿ ನಿಂತು ನಿಂತು ಸಾಗುತ್ತದೆ. ಕಾರ್ಖಾನೆ ಮುಂದೆ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುವಾಗ ಇಂಜಿನ್ ಉರಿಸಿಕೊಂಡು ಮುಂದೆ ಮುಂದೆ ತಳ್ಳುವ ಅಭ್ಯಾಸ ಡ್ರೈವರುಗಳಿಗೆ. ಹಾಗಾಗಿ ಮೊದಲ ಇಪ್ಪತ್ತೈದು ಗಂಟೆ ಗದ್ದೆಯಲ್ಲೇ ಮುಗಿಸಿ ಆಮೇಲೆ ಕಬ್ಬಿಗೆ ಬಿಡಿ ಅಂತ ಯೋಜನೆ ತಿರುಗಿಸಿಕೊಂಡೆವು.

ಇಪ್ಪತ್ತೈದು ಗಂಟೆಗೆ ಎಣ್ಣೆ ಇಳಿಸಿದಾಗ ಬಿಸಿಲಿಗೆ ಹಿಡಿದರೆ ಸಣ್ಣ ಬೆಳ್ಳಿ ಮಿಂಚು ಇತ್ತು, ಏಣುಗಳು ಸವೆದ ಪುಡಿ. ಅಷ್ಟು ಇರಬೇಕಾದ್ದೇ. ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡಿದೆವು. ಬೆರಳಿಗೆ ಸಿಗುವ ಚೂರಾಗಲಿ ಬೇರಿಂಗಿನ ಬಣ್ಣದ ತಗಡಾಗಲಿ ಇರಲಿಲ್ಲ. ಟ್ಯಾಪೆಟ್ ಸಂದಿ, ಹೆಡ್ ಬಿಗಿತ ಮತ್ತೊಮ್ಮೆ ನೋಡಿ ಅದೇ ಎಣ್ಣೆ ತುಂಬಿದೆವು. ಆ ಇಪ್ಪತ್ತೈದು ಗಂಟೆಯಲ್ಲಿ ಡಿಪ್‌ಸ್ಟಿಕ್ ಮೊದಮೊದಲು ಸ್ವಲ್ಪ ಇಳಿದು ಆಮೇಲೆ ನಿಂತಿತ್ತು. ಮುಂದಿನ ಬದಲಾವಣೆ ಎಪ್ಪತ್ತೈದರ ಹತ್ತಿರ, ಅಲ್ಲಿಂದ ಪುಸ್ತಕದಲ್ಲಿರುವ 250 ಗಂಟೆಯ ಲೆಕ್ಕ. ಕಂಪ್ರೆಷನ್ ಮೂರರಲ್ಲೂ ಸಮಕ್ಕೆ ಬಂತು, ಬ್ರೀದರ್ ಒಣಗಿತು. ಈಗ ಎರಡು ಎಣ್ಣೆ ಬದಲಾವಣೆಯ ನಡುವೆ ಟಾಪ್ ಅಪ್ ಹೆಚ್ಚುಕಡಿಮೆ ಬೇಕಾಗುತ್ತಿಲ್ಲ.

ದುಡ್ಡಿನ ವಿಷಯದಲ್ಲಿ ಸ್ವಲ್ಪ ಎಳೆದಾಟ ಆಯಿತು. ಯಜಮಾನರು ಮೊದಲ ಗ್ಯಾರೇಜಿನವರೇ ಎಲ್ಲ ಕೊಡಬೇಕು ಅಂದರು. ಅವರು, ಎಣ್ಣೆ ಬದಲಿಸಿದ್ದು ನೀವು, ನಮಗೆ ಸಂಬಂಧವಿಲ್ಲ ಅಂದರು. ನನ್ನನ್ನು ಕೇಳಿದಾಗ ಲೈನರಿನ ಫೋಟೊ ಮತ್ತು ನಾಜಲ್ ಟೆಸ್ಟಿನ ಚೀಟಿ ಎರಡನ್ನೂ ಮುಂದಿಟ್ಟೆ. ಕೊನೆಗೆ ನಾಜಲ್ ಮತ್ತು ಮೂರನೇ ಸಿಲಿಂಡರಿನ ರಿಂಗಿನ ದುಡ್ಡು ಅವರು ಕೊಟ್ಟರು, ಉಳಿದ ಸಾಮಾನು ಮತ್ತು ನಮ್ಮ ಕೂಲಿ ಯಜಮಾನರದ್ದು. ಥರ್ಮೋಸ್ಟಾಟ್ ಕಿತ್ತದ್ದು ಯಾರು ಅನ್ನುವುದಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ, ಅದರ ಬೆಲೆಯನ್ನು ಮಗನೇ ಕೊಟ್ಟ. ಹಿಂಬದಿ ಕ್ರ್ಯಾಂಕ್ ಸೀಲಿನ ಒದ್ದೆ ಇನ್ನೂ ಇದೆ. ಗಾಡಿಯನ್ನು ಎರಡು ಭಾಗ ಮಾಡದೆ ಅದಕ್ಕೆ ಕೈ ಹಾಕಲಾಗದು, ಕ್ಲಚ್ ಪ್ಲೇಟಿಗೆ ಬಂದಾಗ ಬದಲಿಸುವುದು ಅಂತ ಜಾಬ್ ಕಾರ್ಡಿನಲ್ಲಿ ಬರೆದಿಟ್ಟಿದ್ದೇವೆ.